ಸೊಂಟದೆತ್ತರದ ಕಾರುಗಳ ಚೆಲುವು

ಮೆಜೆಸ್ಟಿಕ್‌ನಲ್ಲಿ ನಿಂತಿರುವ ಬಿಎಂಟಿಸಿ ಬಸ್ಸಿನ ಹಿಂದಿನ ಚಕ್ರದ ಪಕ್ಕದಲ್ಲಿ ಒಮ್ಮೆ ನಿಂತು ನೋಡಿ. ಟೈರಿನ ಮೇಲಂಚು ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಲ್ಲಿ, ನಮ್ಮ ಸೊಂಟದ ಮಟ್ಟಕ್ಕೆ ಇರುತ್ತದೆ. 1966ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಜನರೆದುರು ಬಂದ ಲ್ಯಾಂಬೋರ್ಗಿನಿ ಮಿಯುರಾ ಕಾರಿನ ಛಾವಣಿಯ ಎತ್ತರವೂ ಸುಮಾರು 105 ಸೆಂಟಿಮೀಟರ್ ಮಾತ್ರ. ಅದರ ಉತ್ತರಾಧಿಕಾರಿಯಾದ ಕೌಂಟಾಶ್ 107 ಸೆಂಟಿಮೀಟರ್. ಹನ್ನೆರಡು ಸಿಲಿಂಡರುಗಳ ಎಂಜಿನ್ನನ್ನೂ ಇಬ್ಬರು ಮನುಷ್ಯರನ್ನೂ ಬಸ್ಸಿನ ಚಕ್ರದೆತ್ತರದೊಳಗೆ ಕೂರಿಸಬೇಕಾದಾಗ ಏನೇನು ಮಾಡಬೇಕಾಯಿತೋ, ಈ ಕಾರುಗಳ ಚೆಲುವಿನ ಬಹುಪಾಲು ಅದರಿಂದಲೇ ಹುಟ್ಟಿದೆ ಎಂಬುದು ನನ್ನ ನಂಬಿಕೆ.

ಮೊದಲ ನಿರ್ಧಾರ ಎಂಜಿನ್ನಿನ ಜಾಗದ್ದು. ಕಾವಡಿಯ ಎರಡು ತುದಿಗೂ ಕೊಡ ಕಟ್ಟಿಕೊಂಡು ಹೆಗಲ ಮೇಲೆ ಹೊತ್ತವನು ಸರಕ್ಕನೆ ತಿರುಗಲಾರ. ಅಷ್ಟೇ ನೀರನ್ನು ಮೈಗೆ ಒತ್ತಿಕೊಂಡು ಹಿಡಿದವನು ಸಲೀಸಾಗಿ ತಿರುಗುತ್ತಾನೆ. ಭಾರ ನಡುವಿಗೆ ಹತ್ತಿರವಾದಷ್ಟೂ ತಿರುಗುವುದಕ್ಕೆ ಅಡ್ಡಿ ಕಡಿಮೆ. ಮಿಯುರಾದಲ್ಲಿ ಎಂಜಿನ್ನನ್ನು ಆಸನಗಳ ಬೆನ್ನಿಗೆ ಅಡ್ಡಲಾಗಿ ಮಲಗಿಸಿ, ಗೇರ್‌ಬಾಕ್ಸನ್ನೂ ಅದರೊಂದಿಗೆ ಒಂದೇ ಎರಕದಲ್ಲಿ ಸೇರಿಸಿದರು. ಕೌಂಟಾಶ್‌ನಲ್ಲಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಮುಂದೆ, ಎರಡು ಆಸನಗಳ ನಡುವೆ ಇಟ್ಟರು. ಮುಂಭಾಗದಲ್ಲಿ ಎಂಜಿನ್ ಇಲ್ಲದ್ದರಿಂದ ಮೂತಿಯನ್ನು ನೆಲಕ್ಕೆ ತಾಗುವಂತೆ ಇಳಿಸಲು ಸಾಧ್ಯವಾಯಿತು. ಕಾರುಗಳ ವಿನ್ಯಾಸ ಮಾಡುತ್ತಿದ್ದ ಇಟಲಿಯ ಬೆರ್ಟೋನೆ ಸಂಸ್ಥೆಯಲ್ಲಿ ಈ ಎರಡಕ್ಕೂ ರೂಪ ಕೊಟ್ಟವರು ಮಾರ್ಚೆಲ್ಲೊ ಗಾಂಡಿನಿ. ಮಿಯುರಾ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಎಂಜಿನ್ ಹಿಂದಕ್ಕೆ ಹೋದರೆ ಅದಕ್ಕೆ ಎದುರುಗಾಳಿ ನೇರವಾಗಿ ಸಿಗುವುದಿಲ್ಲ. 1971ರಲ್ಲಿ ತೋರಿಸಿದ ಕೌಂಟಾಶ್‌ನ ಮೊದಲ ಮಾದರಿಯ ಮೈ ಬಹುತೇಕ ನಯವಾಗಿತ್ತು, ಆದರೆ ಎಂಜಿನ್ ಅತಿಯಾಗಿ ಕಾಯುತ್ತಿತ್ತು. 1974ರಲ್ಲಿ ಮಾರಾಟಕ್ಕೆ ಬಂದ ಕಾರಿನ ಹೆಗಲ ಮೇಲೆ ಪೆಟ್ಟಿಗೆಯಂಥ ಗಾಳಿಗಂಡಿಗಳೂ, ಪಕ್ಕೆಯಲ್ಲಿ ಬಾಗಿಲನ್ನು ಸೀಳಿಕೊಂಡು ಹೋಗುವ ಇನ್ನೊಂದು ಜೋಡಿಯೂ ಇದ್ದವು. ನನ್ನ ಮೇಜಿನ ಮೇಲೆ ಹದಿನೆಂಟನೇ ಒಂದರ ಅಳತೆಯ ಕೌಂಟಾಶ್ ಒಂದಿದೆ. ಎತ್ತರ ಆರು ಸೆಂಟಿಮೀಟರ್. ಪಕ್ಕೆಯ ಆ ಗಂಡಿಯ ಮೇಲೆ ಬೆರಳಾಡಿಸಿದರೆ, ಮುಂದೆ ಕಿರಿದಾಗಿ ಶುರುವಾಗಿ, ಹಿಂದಕ್ಕೆ ಹೋದಂತೆ ಅಗಲವೂ ಆಳವೂ ಆಗುವುದು ತಿಳಿಯುತ್ತದೆ. ಇದು 1940ರ ದಶಕದಲ್ಲಿ ಅಮೆರಿಕದ ವಿಮಾನ ಸಂಶೋಧಕರು ರೂಪಿಸಿದ ಆಕಾರ. ಇದರ ಎರಡು ಅಂಚುಗಳಲ್ಲಿ ಗಾಳಿ ಸುಳಿಯಾಗಿ ಸುತ್ತಿಕೊಂಡು, ಮೈಗೆ ಅಂಟಿಕೊಂಡು ಸಾಗುವ ನಿಧಾನದ ಪದರವನ್ನು ಬದಿಗೆ ಸರಿಸಿ, ಅದರ ಮೇಲಿನ ವೇಗದ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ; ಹೊರಕ್ಕೆ ಏನೂ ಚಾಚಿಕೊಂಡಿರಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ಇದನ್ನು ಅಲಂಕಾರವೆಂದೇ ತಿಳಿದಿದ್ದೆ. 1984ರ ಫೆರಾರಿ ಟೆಸ್ಟಾರೊಸ್ಸಾದ ಪಕ್ಕೆಗಳ ಉದ್ದನೆಯ ಪಟ್ಟಿಗಳಿಗೂ ಇಂಥದೇ ಕಾರಣವಿದೆ. ಹಿಂದಿನ ಮಾದರಿಯಲ್ಲಿ ರೇಡಿಯೇಟರ್ ಮೂತಿಯಲ್ಲಿದ್ದು, ಬಿಸಿನೀರಿನ ಕೊಳವೆಗಳು ಕ್ಯಾಬಿನ್ನಿನ ಮೂಲಕ ಹಾಯ್ದು ಕುಳಿತವರನ್ನು ಬೇಯಿಸುತ್ತಿದ್ದವು. ರೇಡಿಯೇಟರುಗಳನ್ನು ಪಕ್ಕೆಗೆ ಸರಿಸಿದಾಗ ಕಾರು ಸುಮಾರು ಎರಡು ಮೀಟರ್ ಅಗಲವಾಯಿತು.

ಹಾಗೆಂದು ಇವುಗಳ ಆಕಾರವೆಲ್ಲ ವಿಜ್ಞಾನದ ಲೆಕ್ಕಕ್ಕೆ ಸರಿಹೊಂದುತ್ತದೆ ಎನ್ನುವಂತಿಲ್ಲ. ಮಿಯುರಾದ ಮೂತಿ ಹೆಚ್ಚಿನ ವೇಗದಲ್ಲಿ ಮೇಲೇಳುತ್ತಿತ್ತು. ಬೆಣೆಯಂತೆ ಗಾಳಿಯನ್ನು ಸೀಳುವಂತೆ ಕಾಣುವ ಕೌಂಟಾಶ್‌ನ ಗಾಳಿತಡೆಯ ಗುಣಾಂಕ (ಇದು ಕಡಿಮೆಯಿದ್ದಷ್ಟೂ ಒಳ್ಳೆಯದು) 0.4ರ ಆಸುಪಾಸಿನಲ್ಲಿದೆ, ಈಗಿನ ಎಷ್ಟೋ ಸೆಡಾನುಗಳದ್ದು 0.3ಕ್ಕಿಂತ ಕಡಿಮೆ. ಕಂಪ್ಯೂಟರ್ ಬರುವ ಮೊದಲು ಕಣ್ಣಳತೆಯನ್ನು ನಂಬಿ ಎಳೆದ ಗೆರೆಗಳಿವು. ಎರಡು ಕಾರುಗಳನ್ನು ಒಂದೆಂದು ತಪ್ಪು ತಿಳಿಯಲು ಆಗದಿರುವುದು ಅದರಿಂದಲೇ ಇರಬೇಕು.

ಕಣ್ಣಿಗಿಂತ ಮೊದಲು ಕಿವಿಗೆ ಸಿಗುವುದು ಸದ್ದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವಾಗ ನಮ್ಮ ಸಾಮಾನ್ಯ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಸೆಕೆಂಡಿಗೆ 200 ಸಿಡಿತಗಳಾದರೆ, ಹನ್ನೆರಡು ಸಿಲಿಂಡರಿನದರಲ್ಲಿ 600. ಮೊದಲನೆಯದನ್ನು ಮಧ್ಯ ಸ್ಥಾಯಿಯ ಷಡ್ಜವೆಂದುಕೊಂಡರೆ, ಎರಡನೆಯದು ಸರಿಯಾಗಿ ತಾರ ಸ್ಥಾಯಿಯ ಪಂಚಮ. ಜೊತೆಗೆ ಹನ್ನೆರಡು ಪಿಸ್ಟನ್ನುಗಳ ಎಳೆತ-ತಳ್ಳಾಟ ಒಂದನ್ನೊಂದು ಸರಿದೂಗಿಸುವುದರಿಂದ ನಡುಕ ಕಡಿಮೆಯಾಗಿ, ಸ್ವರ ಶುದ್ಧವಾಗಿ ಕೇಳುತ್ತದೆ.

ಇಂಥ ಕಾರು ಬೆಂಗಳೂರಿನ ಹಂಪ್ ದಾಟಬಲ್ಲುದೇ? ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪ್‌ನ ಉದ್ದ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅದು 17 ಮೀಟರ್ ತ್ರಿಜ್ಯದ ಕಮಾನಿನ ತುಂಡು. ಕೌಂಟಾಶ್‌ನ ಎರಡು ಅಚ್ಚುಗಳ ನಡುವಿನ ದೂರ 2.45 ಮೀಟರ್. ಕಾರಿನ ನಡು ಹಂಪ್‌ನ ನೆತ್ತಿಗೆ ಬಂದಾಗ ನಾಲ್ಕೂ ಚಕ್ರಗಳು ಹಂಪ್‌ನ ಮೇಲೆಯೇ ಇರುತ್ತವೆ, ನೆತ್ತಿಗಿಂತ ಕೇವಲ 4.4 ಸೆಂಟಿಮೀಟರ್ ಕೆಳಗೆ. ಹೊಟ್ಟೆಯ ಕೆಳಗೆ ಸುಮಾರು 12 ಸೆಂಟಿಮೀಟರ್ ಜಾಗವಿರುವುದರಿಂದ ಕಾರು ಆರಾಮಾಗಿ ದಾಟುತ್ತದೆ. ನಮ್ಮ ಬಡಾವಣೆಯ ಒಳರಸ್ತೆಯಲ್ಲಿ ನಾನು ಟೇಪು ಹಿಡಿದು ಅಳೆದ ಹಂಪ್ ಅರವತ್ತು ಸೆಂಟಿಮೀಟರ್ ಉದ್ದ, ಹದಿಮೂರು ಸೆಂಟಿಮೀಟರ್ ಎತ್ತರವಿತ್ತು. ಅಲ್ಲಿ ಚಕ್ರಗಳು ಸಮತಟ್ಟಿಗೆ ಇಳಿದ ಮೇಲೂ ಹಂಪ್ ಹೊಟ್ಟೆಯ ಕೆಳಗೇ ಉಳಿಯುತ್ತದೆ. ಲ್ಯಾವೆಲ್ಲೆ ರಸ್ತೆಯ ಬಳಿ ಭಾನುವಾರದ ಬೆಳಗ್ಗೆ ತಗ್ಗು ಕಾರುಗಳು ಹಂಪ್ ಕಂಡೊಡನೆ ಓರೆಯಾಗಿ ತಿರುಗುವುದು ಇದೇ ಕಾರಣಕ್ಕೆ. ಚಕ್ರಗಳು ಒಂದೊಂದಾಗಿ ಹತ್ತಿ ಇಳಿಯುತ್ತವೆ, ಹೊಟ್ಟೆ ಹಂಪ್‌ನ ಮೇಲೆ ಹಾಯುವಾಗ ಬಹುಪಾಲು ಹೊತ್ತು ಒಂದಲ್ಲ ಒಂದು ಚಕ್ರ ಅದರ ಮೇಲಿದ್ದು ಕಾರನ್ನು ಎತ್ತಿ ಹಿಡಿದಿರುತ್ತದೆ.