ಕಾಕ್ಲಿಯರ್ ಇಂಪ್ಲಾಂಟ್: ಗ್ರೇಮ್ ಕ್ಲಾರ್ಕ್ ಹಿಡಿದ ಹಟ

ಆಸ್ಟ್ರೇಲಿಯಾದ ಕ್ಯಾಮ್ಡನ್ ಊರಿನಲ್ಲಿ ಗ್ರೇಮ್ ಕ್ಲಾರ್ಕ್ ಅವರ ತಂದೆ ಔಷಧಿ ಅಂಗಡಿ ಇಟ್ಟಿದ್ದರು. ಅವರಿಗೆ ಕಿವಿ ಮಂದ. ಗುಟ್ಟಾಗಿ ಕೇಳಬೇಕಾದುದನ್ನೂ ಗಿರಾಕಿಗಳು ಗಟ್ಟಿಯಾಗಿ ಹೇಳಬೇಕಿತ್ತು. ಆ ಮುಜುಗರವನ್ನು ನೋಡುತ್ತ ಬೆಳೆದ ಮಗ ಮುಂದೆ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕರಾದರು. 1960ರ ದಶಕದಲ್ಲಿ ವೃತ್ತಿಯನ್ನು ಬದಿಗಿಟ್ಟು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು.

ಕಿವಿಯ ಮಷಿನ್ ಸದ್ದನ್ನು ಹಿಗ್ಗಿಸುತ್ತದೆ, ಅಷ್ಟೆ. ಒಳಗಿವಿಯ ಸುರುಳಿಯಲ್ಲಿರುವ (ಅದೇ ಕಾಕ್ಲಿಯ), ಸದ್ದನ್ನು ನರಕ್ಕೆ ದಾಟಿಸುವ ಸೂಕ್ಷ್ಮ ರೋಮಕೋಶಗಳೇ ಸತ್ತಿದ್ದರೆ ಎಷ್ಟು ಹಿಗ್ಗಿಸಿದರೂ ವ್ಯರ್ಥ. ಹಾಗಾದರೆ ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಹರಿಸಿದರೆ? ಒಳಗಿವಿಯಲ್ಲಿ ಅಳವಡಿಸಿ ಈ ಕೆಲಸ ಮಾಡಿಸುವ ಉಪಕರಣವೇ ಕಾಕ್ಲಿಯರ್ ಇಂಪ್ಲಾಂಟ್. 1957ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯರಾದ ಜುರ್ನೊ ಮತ್ತು ಎರಿಯೆಸ್, 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಿವಿಯ ವೈದ್ಯ ವಿಲಿಯಂ ಹೌಸ್ ಇದನ್ನು ಮಾಡಿ ನೋಡಿದ್ದರು. ಒಂದೇ ತಂತಿಯಿಂದ ಮಾತಿನ ಲಯ ತಿಳಿಯುತ್ತಿತ್ತು, ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಅದು ಆಸರೆಯಾಗುತ್ತಿತ್ತು. ಪದ ಮಾತ್ರ ಬಿಡಿಸಿ ಕೇಳುತ್ತಿರಲಿಲ್ಲ.

ಕೀಚಲು ದನಿಗೆ ಸುರುಳಿಯ ಬುಡ, ಗಡಸು ದನಿಗೆ ತುದಿ ಸ್ಪಂದಿಸುತ್ತದೆ. ಆದ್ದರಿಂದ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಎಲೆಕ್ಟ್ರೋಡ್ (ವಿದ್ಯುತ್ ಮುಟ್ಟಿಸುವ ತಂತಿಯ ತುದಿ) ಬೇಕೆಂದು ಕ್ಲಾರ್ಕ್ ಹಟ ಹಿಡಿದರು. ಸಾವಿರಾರು ಕೋಶಗಳು ಮಾಡುವ ಕೆಲಸವನ್ನು ಹತ್ತಿಪ್ಪತ್ತು ತಂತಿಗಳು ಮಾಡಲಾರವೆಂದು ಹಲವು ವಿಜ್ಞಾನಿಗಳು ತಲೆಯಾಡಿಸಿದರು. 1970ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮೇಲೂ ಹಣ ಸಾಲದೆ, ಟಿವಿಯ ದೇಣಿಗೆ ಕಾರ್ಯಕ್ರಮವನ್ನು ನೆಚ್ಚಿಕೊಳ್ಳಬೇಕಾಯಿತು.

1977ರಲ್ಲಿ ಕಿಯಾಮಾ ಕಡಲತೀರದಲ್ಲಿ ಅವರು ಸುರುಳಿ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ತುದಿ ಮೆತ್ತಗೆ, ಬುಡ ಬಿರುಸಾಗಿದ್ದ ಎಸಳು ತಿರುವು ದಾಟಿ ಒಳಕ್ಕೆ ಸರಿಯಿತು. ಒಳಗಿವಿಯ ಸುರುಳಿಗೆ ತೂರಿಸಬೇಕಾದ ಎಲೆಕ್ಟ್ರೋಡ್ ಎಳೆಯನ್ನೂ ಹಾಗೆಯೇ ರೂಪಿಸಿದರು. ಕತೆ ಸೊಗಸಾಗಿದೆ, ನಿಜ. ಆದರೆ ಹೆಚ್ಚಿನ ಸಾಹಸ ನಡೆದದ್ದು ಆಮೇಲೆ ಎಂದು ನನಗನ್ನಿಸುತ್ತದೆ.

1978ರ ಆಗಸ್ಟ್ 1ರಂದು, ಅಪಘಾತದಲ್ಲಿ ಕೇಳಿಸಿಕೊಳ್ಳುವ ಶಕ್ತಿ ಕಳೆದುಕೊಂಡಿದ್ದ ಒಬ್ಬರಿಗೆ ಮೊದಲ ಉಪಕರಣ ಅಳವಡಿಸಿದರು. ಗುಣವಾದ ಬಳಿಕ ರಾಷ್ಟ್ರಗೀತೆಯ ಧಾಟಿ ಹರಿಸಿದಾಗ ಅವರು ಗುರುತಿಸಿ ಎದ್ದು ನಿಂತರು. ಧಾಟಿಯೇನೋ ತಿಳಿಯಿತು, ಮಾತಿನ ಗತಿಯೇನು? ಮಾತಿನ ದನಿಯೆಲ್ಲವನ್ನೂ ಒಮ್ಮೆಗೇ ಹರಿಸಿದರೆ ಎಲೆಕ್ಟ್ರೋಡ್‌ಗಳ ವಿದ್ಯುತ್ ಒಂದರೊಳಗೊಂದು ಬೆರೆತು ಗೊಂದಲವಾಗುತ್ತಿತ್ತು. ಹೀಗಾಗಿ ತಂಡ ಮಾತಿನಲ್ಲಿ ಏನನ್ನು ಬಿಡಬಹುದೆಂದು ಹುಡುಕಿತು. ಕೊನೆಗೆ ಉಳಿಸಿಕೊಂಡದ್ದು ಮುಖ್ಯವಾಗಿ ಎರಡು: ಅ, ಇ, ಉ ಮುಂತಾದ ಸ್ವರಗಳನ್ನು ಬೇರ್ಪಡಿಸುವ ಒಂದು ಅನುರಣನ (ಬಾಯೊಳಗಿನ ಮೊಳಗು) ಯಾವ ಎಲೆಕ್ಟ್ರೋಡ್‌ಗೆ ವಿದ್ಯುತ್ ಎಂದು ನಿರ್ಧರಿಸುತ್ತಿತ್ತು, ದನಿಯ ಏರಿಳಿತ ಮಿಡಿತದ ವೇಗವಾಗುತ್ತಿತ್ತು. ಅಷ್ಟರಿಂದಲೇ ತುಟಿ ನೋಡದೆ ಕೆಲವು ಮಾತು ಹಿಡಿಯುವುದು ಸಾಧ್ಯವಾಯಿತು.

ಈ ಕೆಲಸದಿಂದಲೇ ಬೆಳೆದ 22 ಎಲೆಕ್ಟ್ರೋಡ್‌ಗಳ ಉಪಕರಣಕ್ಕೆ ಅಮೆರಿಕದಲ್ಲಿ 1985ರಲ್ಲಿ ವಯಸ್ಕರಿಗೆ, 1990ರಲ್ಲಿ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಮಕ್ಕಳ ವಿಷಯದಲ್ಲಿ ತಕರಾರೂ ಎದ್ದಿತು: ಸಂಜ್ಞಾಭಾಷೆಯನ್ನೇ ತಾಯ್ನುಡಿಯಾಗಿಸಿಕೊಂಡು ಬಾಳುವ ಕಿವುಡ ಸಮುದಾಯದ ಹಲವರು, ತಮ್ಮನ್ನು ದುರಸ್ತಿ ಮಾಡಬೇಕಾದ ವಸ್ತುಗಳಂತೆ ಕಾಣುತ್ತಿದ್ದಾರೆಂದು ಸಿಟ್ಟಾದರು. ಆ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈಗ ಕಾಣುವುದು ಶಸ್ತ್ರಚಿಕಿತ್ಸೆಯ ನಂತರದ ದುಡಿಮೆ. ಪ್ರತಿ ಎಲೆಕ್ಟ್ರೋಡ್‌ಗೆ ಎಷ್ಟು ವಿದ್ಯುತ್ ಎಂದು ಹೊಂದಿಸಬೇಕು, ಆಮೇಲೆ ಮಗುವಿಗೆ ಕೇಳುವುದನ್ನೇ ಕಲಿಸಬೇಕು. ಅದಕ್ಕೆ ವರ್ಷಗಳೇ ಬೇಕಾಗುತ್ತವೆ.