ಕೆರೆ ನೀರಲ್ಲಿ ನಕ್ಷತ್ರ ಯಾಕೆ ಮಂಕಾಗಿ ಕಾಣುತ್ತದೆ?

ಮೇಲೆ ನಕ್ಷತ್ರ ತುಂಬಿದ ಆಕಾಶ, ಕೆಳಗೆ ಕೆರೆಯ ನೀರಲ್ಲೂ ಅಷ್ಟೇ ನಕ್ಷತ್ರ, ಅಷ್ಟೇ ಹೊಳಪು. ಇಂಥ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಚೆನ್ನಾಗಿರುತ್ತವೆ, ನಿಜ. ಆದರೆ ಮೇಲೂ ಕೆಳಗೂ ಹೊಳಪು ಒಂದೇ ಸಮ ಇದ್ದರೆ, ಮೇಲಿನ ಅರ್ಧವನ್ನೇ ತಲೆಕೆಳಗು ಮಾಡಿ ಅಂಟಿಸಿದ್ದಾರೆ ಅಂತ ಅನುಮಾನ ಪಡಬೇಕು. ಯಾಕೆಂದರೆ ನೀರು ಹಾಗೆ ನಡೆದುಕೊಳ್ಳುವುದಿಲ್ಲ. ಅದು ನಿಜವಾಗಿ ಏನು ಮಾಡುತ್ತದೆ ಅಂತ ತಿಳಿದರೆ ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಎತ್ತರದಲ್ಲಿ ಕ್ಯಾಮೆರಾ ಇಡಬೇಕು ಅನ್ನೋದೂ ಗೊತ್ತಾಗುತ್ತದೆ.

ನೀರಿನ ಮೇಲೆ ಬಿದ್ದ ಬೆಳಕೆಲ್ಲ ವಾಪಸ್ ಬರುವುದಿಲ್ಲ. ಒಂದಷ್ಟು ಒಳಗೆ ಹೋಗಿಬಿಡುತ್ತದೆ. ಎಷ್ಟು ವಾಪಸ್ ಬರುತ್ತದೆ ಅನ್ನೋದು ಬೆಳಕು ಎಷ್ಟು ಓರೆಯಾಗಿ ಬೀಳುತ್ತದೆ ಅನ್ನುವುದರ ಮೇಲಿದೆ. ಇದರ ಲೆಕ್ಕವನ್ನು ಫ್ರಾನ್ಸಿನ ಭೌತವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 19ನೇ ಶತಮಾನದ ಮೊದಲ ಭಾಗದಲ್ಲೇ ಕೊಟ್ಟ. ಆ ಲೆಕ್ಕದ ಪ್ರಕಾರ ನೆತ್ತಿಯ ಮೇಲಿನ ನಕ್ಷತ್ರದ ಬೆಳಕಲ್ಲಿ ವಾಪಸ್ ಬರುವುದು ಬರೀ ಶೇ. 2. ದಿಗಂತದಿಂದ 30 ಡಿಗ್ರಿ ಮೇಲಿರುವ ನಕ್ಷತ್ರದ್ದು ಸುಮಾರು ಶೇ. 6. 10 ಡಿಗ್ರಿಗೆ ಇಳಿದರೆ ಶೇ. 35, ಇನ್ನೂ ಕೆಳಗೆ 5 ಡಿಗ್ರಿಗೆ ಬಂದರೆ ಅರ್ಧಕ್ಕಿಂತ ಜಾಸ್ತಿ. ನೀರು ಒಂದಿಷ್ಟೂ ಅಲುಗಾಡದೆ ನಿಂತಿದ್ದಾಗಲೂ ಇಷ್ಟೇ.

ಅಂದರೆ 30 ಡಿಗ್ರಿ ಎತ್ತರದ ನಕ್ಷತ್ರ ನೀರಲ್ಲಿ ಸುಮಾರು 16 ಪಟ್ಟು ಮಂಕು. ಕ್ಯಾಮೆರಾ ಭಾಷೆಯಲ್ಲಿ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಮೇಲೆ ನೂರಾರು ನಕ್ಷತ್ರ ಇದ್ದರೂ ನೀರಲ್ಲಿ ಬೆರಳೆಣಿಕೆಯಷ್ಟು ಕಾಣುವುದು ಇದಕ್ಕೇ. ಹಾಗಾಗಿ ನನ್ನ ಸಲಹೆ: ಇಡೀ ಆಕಾಶಕ್ಕೆ ಆಸೆಪಡುವುದು ಬೇಡ, ಕೆಳಗಿರುವ ಒಂದು ದೊಡ್ಡ ಹೊಳಪನ್ನು ಆರಿಸಿಕೊಳ್ಳಿ. ಪಶ್ಚಿಮದಲ್ಲಿ ಮುಳುಗಲು ಹೊರಟ ಶುಕ್ರ, ಪೂರ್ವದಲ್ಲಿ ಆಗಷ್ಟೇ ಎದ್ದ ಗುರು ಅಥವಾ ಲುಬ್ಧಕ (ಸಿರಿಯಸ್) ನಕ್ಷತ್ರ. ಶುಕ್ರ ಇದ್ದರಂತೂ ನೀರಿನ ಮೇಲೆ ಅದರದೇ ಒಂದು ಬೆಳಕಿನ ದಾರಿ ಮೂಡುತ್ತದೆ. ಅದನ್ನು ಕಣ್ಣಾರೆ ನೋಡಿದವರು ಮರೆಯುವುದು ಕಷ್ಟ.

ಲೆನ್ಸ್ ಮೇಲೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಮೊದಲು ತೆಗೆದುಬಿಡಿ. ಅದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ. ಸುಮಾರು 37 ಡಿಗ್ರಿ ಎತ್ತರದ ನಕ್ಷತ್ರದ ಪ್ರತಿಬಿಂಬವನ್ನಂತೂ ಪೂರ್ತಿ ಅಳಿಸಿಹಾಕಬಲ್ಲದು.

ಇನ್ನು ಹೊತ್ತು. ಸೂರ್ಯ ಮುಳುಗಿದ ತಕ್ಷಣ ರಾತ್ರಿ ಆಗುವುದಿಲ್ಲ ಅಲ್ವಾ? ಅವನು ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿದ ಮೇಲೆ ಮಾತ್ರ ಆಕಾಶ ಪೂರ್ತಿ ಕಪ್ಪಾಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಆದ್ದರಿಂದ ಸಮಭಾಜಕದ ಹತ್ತಿರ, ಸೂರ್ಯ ನೇರವಾಗಿ ಇಳಿಯುವ ದಿನಗಳಲ್ಲಿ, ಇದಕ್ಕೆ ಸುಮಾರು 72 ನಿಮಿಷ ಬೇಕು. ಧ್ರುವದ ಕಡೆ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುವುದರಿಂದ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಪೂರ್ತಿ ಕತ್ತಲಾಗಲಿ ಅಂತ ಕಾಯುವವರೇ ಹೆಚ್ಚು, ಆದರೆ ಕೆರೆಯ ಫೋಟೊಗೆ ಅದು ತಡವಾಯಿತು ಅಂತಲೇ ನನಗನ್ನಿಸುತ್ತದೆ. ಸೂರ್ಯ 6ರಿಂದ 12 ಡಿಗ್ರಿ ಕೆಳಗಿರುವ ಆ ಸ್ವಲ್ಪ ಹೊತ್ತಿನಲ್ಲಿ ದೊಡ್ಡ ನಕ್ಷತ್ರಗಳು ಬಂದಿರುತ್ತವೆ, ದಡದ ಮರಗಳ ಆಕಾರ ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿರುತ್ತದೆ, ನೀರಿಗೂ ಬಣ್ಣ ಇರುತ್ತದೆ.

ಆ ಬಣ್ಣದ ಬಗ್ಗೆ ಹೇಳಲೇಬೇಕು. ಮುಸ್ಸಂಜೆಯ ಗಾಢ ನೀಲಿ ಹಗಲಿನ ನೀಲಿಯಲ್ಲ. ಹಗಲಲ್ಲಿ ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ. ಸೂರ್ಯ ಮುಳುಗಿದ ಮೇಲೆ ಅವನ ಬೆಳಕು ಮೇಲಿನ ಓಝೋನ್ ಪದರದಲ್ಲಿ ಅಡ್ಡಡ್ಡವಾಗಿ ಬಹಳ ದೂರ ಸಾಗಿ ಬರಬೇಕು, ಆ ದಾರಿಯಲ್ಲಿ ಓಝೋನ್ ಅದರ ಹಳದಿ, ಕಿತ್ತಳೆ ಭಾಗವನ್ನು ಹೀರಿಕೊಳ್ಳುತ್ತದೆ. ಓಝೋನ್ ಇಲ್ಲದಿದ್ದರೆ ಆ ಹೊತ್ತಿಗೆ ನೆತ್ತಿಯ ಆಕಾಶ ಹಳದಿ ಕಡೆ ತಿರುಗುತ್ತಿತ್ತು ಅಂತ ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿಕೊಟ್ಟರು. ಕ್ಯಾಮೆರಾವನ್ನು ಬಣ್ಣ ತಾನೇ ಸರಿಪಡಿಸುವ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಬಿಟ್ಟರೆ ಅದು ಈ ನೀಲಿಯನ್ನು ತಪ್ಪು ಅಂತ ತಿಳಿದು ತಿದ್ದಲು ಹೋಗುತ್ತದೆ. ಹಗಲಿನ ಸೆಟ್ಟಿಂಗ್‌ನಲ್ಲೇ ಇಡಿ.

ಟ್ರೈಪಾಡ್ ಎತ್ತರದ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ನೀರಿನಿಂದ ಕ್ಯಾಮೆರಾ ಎಷ್ಟು ಮೇಲಿದೆಯೋ, ಅಷ್ಟೇ ಕೆಳಗೆ ಇನ್ನೊಂದು ಕ್ಯಾಮೆರಾ ಇಟ್ಟು ಮೇಲಕ್ಕೆ ನೋಡಿದರೆ ಏನು ಕಾಣುತ್ತಿತ್ತೋ ನೀರು ತೋರಿಸುವುದು ಅದನ್ನು. ಹಾಗಾಗಿ ನೀರಲ್ಲಿ ಎದುರು ದಡದ ಮರ ನಕ್ಷತ್ರಗಳ ಎದುರು ಇನ್ನಷ್ಟು ಎತ್ತರಕ್ಕೆ ಬೆಳೆದಂತಿರುತ್ತದೆ, ಅದರ ತುದಿಗೆ ತಾಗಿದಂತೆ ಮೇಲೆ ಮಿನುಗುವ ನಕ್ಷತ್ರ ನೀರಲ್ಲಿ ಮರದ ಹಿಂದೆ ಮರೆಯಾಗಿರುತ್ತದೆ. ನಮಗೆ ಬೇಕಾದ ಹೊಳಪು ಇರುವುದೇ ದಿಗಂತಕ್ಕೆ ಹತ್ತಿರದ ಆ ಪಟ್ಟಿಯಲ್ಲಿ. ಆದ್ದರಿಂದ ಎತ್ತರದ ಏರಿಯ ಮೇಲೆ ನಿಲ್ಲದೆ ಕೆಳಗಿಳಿದು, ನೀರಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕ್ಯಾಮೆರಾ ಇಡಿ. ಅಂಟಿಸಿದ ಫೋಟೊವನ್ನು ಪತ್ತೆ ಹಚ್ಚುವುದಕ್ಕೂ ಇದೇ ಒಳ್ಳೆಯ ಗುರುತು. ಅದರಲ್ಲಿ ಮರ ಮತ್ತು ನಕ್ಷತ್ರಗಳ ನಡುವಿನ ಅಂತರ ಮೇಲೂ ಕೆಳಗೂ ಒಂದೇ ಇರುತ್ತದೆ.

ಗಾಳಿ ಬೀಸಿದರೆ ಕಷ್ಟ. ನೀರಿನ ಮೇಲ್ಮೈ ಒಂದು ಡಿಗ್ರಿ ವಾಲಿದರೆ ಪ್ರತಿಬಿಂಬ ಎರಡು ಡಿಗ್ರಿ ಸರಿಯುತ್ತದೆ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರ! ಸಣ್ಣ ತೆರೆ ಇದ್ದರೂ ಸಾಕು, ಉದ್ದ ಎಕ್ಸ್‌ಪೋಶರ್‌ನಲ್ಲಿ ಚುಕ್ಕಿಯಾಗಬೇಕಿದ್ದ ನಕ್ಷತ್ರ ಮೇಲಿಂದ ಕೆಳಗೆ ಎಳೆದ ಮಸುಕು ಗೆರೆಯಾಗುತ್ತದೆ. ಸಮುದ್ರವಿಜ್ಞಾನಿಗಳಾದ ಚಾರ್ಲ್ಸ್ ಕಾಕ್ಸ್ ಮತ್ತು ವಾಲ್ಟರ್ ಮಂಕ್ ಸಮುದ್ರದ ಮೇಲೆ ಸೂರ್ಯನ ಬೆಳಕು ಹೀಗೆ ಚೆದುರುವುದನ್ನು ವಿಮಾನದಿಂದ ಫೋಟೊ ತೆಗೆದು, ಅಲೆಗಳು ಎಷ್ಟು ವಾಲುತ್ತವೆ ಅಂತ ಅದರಿಂದಲೇ ಅಳೆದು 1954ರಲ್ಲಿ ಪ್ರಕಟಿಸಿದ್ದರು. ಸಂಜೆ ನೆಲ ತಣ್ಣಗಾಗುತ್ತಿದ್ದಂತೆ ಗಾಳಿ ಸಾಮಾನ್ಯವಾಗಿ ಇಳಿಯುತ್ತದೆ. ಆ ಹೊತ್ತಿಗೆ ಕಾಯಿರಿ.

ಸೆಟ್ಟಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. 500ನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಬರುವಷ್ಟು ಸೆಕೆಂಡು, ನಕ್ಷತ್ರ ಎಳೆದುಕೊಳ್ಳದ ಹಾಗೆ, ಶಟರ್ ತೆರೆದಿಡಬಹುದು ಅನ್ನೋದು ಹಳೆಯ ನಿಯಮ. 20 ಎಂಎಂ ಲೆನ್ಸ್‌ಗೆ 25 ಸೆಕೆಂಡು. ಈಗಿನ ಸೆನ್ಸರ್‌ಗಳಲ್ಲಿ ಅಷ್ಟು ಹೊತ್ತಿಗೆ ನಕ್ಷತ್ರ ಎಳೆದುಕೊಂಡಿರುವುದು ಕಾಣುತ್ತದೆ, ಅದರ ಅರ್ಧಕ್ಕೆ ನಿಲ್ಲಿಸಿದರೆ ಒಳ್ಳೆಯದು. ಕತ್ತಲಾದ ಮೇಲೆ ಲೆನ್ಸ್ ದ್ವಾರ ಎಫ್ 2.8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 3200ರಿಂದ ಶುರು ಮಾಡಿ. ಬೆಳಕಿರುವಾಗಲೇ ದೂರದ ಮರಕ್ಕೆ ಫೋಕಸ್ ಮಾಡಿಕೊಳ್ಳಿ, ಆಮೇಲೆ ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಒಂದು ನಕ್ಷತ್ರವನ್ನು ದೊಡ್ಡದು ಮಾಡಿ ಸರಿಪಡಿಸಿ. ನೀರಿನ ಪಕ್ಕ ಲೆನ್ಸ್ ಮೇಲೆ ಬೇಗ ಇಬ್ಬನಿ ಕೂರುತ್ತದೆ, ಆಗಾಗ ನೋಡುತ್ತಿರಿ.

ನೀರಿನ ಭಾಗದಲ್ಲಿ ಬೆಳಕು ಕಡಿಮೆ, ಆದ್ದರಿಂದ ಫೋಟೊದಲ್ಲಿ ಕಾಳುಕಾಳು (ನಾಯ್ಸ್) ಜಾಸ್ತಿ. 16 ಫೋಟೊ ತೆಗೆದು ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಪೂರ್ವಕ್ಕೆ ಮುಖ ಮಾಡಿದ್ದರೆ ಆಕಾಶದ ನಕ್ಷತ್ರ ಮೇಲೇರುತ್ತಿರುವಾಗ ನೀರಿನ ನಕ್ಷತ್ರ ಕೆಳಗಿಳಿಯುತ್ತಿರುತ್ತದೆ, ಸಾಫ್ಟ್‌ವೇರ್ ಆಕಾಶಕ್ಕೆ ಸರಿಹೊಂದಿಸಿದರೆ ನೀರಿನ ಚುಕ್ಕಿಗಳು ಇಮ್ಮಡಿ ಎಳೆದುಹೋಗುತ್ತವೆ. ಹಾಗಾಗಿ ಆಕಾಶವನ್ನು ಒಮ್ಮೆ, ನೀರನ್ನು ಇನ್ನೊಮ್ಮೆ ಬೇರೆಯಾಗಿ ಹೊಂದಿಸಬೇಕು. ದಡದ ಮರಗಳು ಎರಡರ ಜೊತೆಗೂ ಚಲಿಸುವುದಿಲ್ಲ, ಅವುಗಳ ಭಾಗವನ್ನು ಹೊಂದಿಸದೆ ಹಾಗೇ ಸರಾಸರಿ ಮಾಡಿ ನಡುವೆ ಸೇರಿಸಿ.