ಕಲ್ಲಿದ್ದಲಿನಲ್ಲಿ ಕಾರ್ಬನ್ ಎಷ್ಟು, ಮಣ್ಣೆಷ್ಟು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ತಲೆನೋವು ಗೊತ್ತಿರುತ್ತದೆ. ಲಿಗ್ನೈಟ್ ಎಂಬ ಕೆಳದರ್ಜೆಯ ಕಲ್ಲಿದ್ದಲಿನಲ್ಲಿ ಕಾರ್ಬನ್ ಎಷ್ಟು ಅಂತ ಹುಡುಕಿದರೆ ಒಂದು ಪುಸ್ತಕ ಶೇ. 40ರಿಂದ 55 ಅನ್ನುತ್ತದೆ, ಇನ್ನೊಂದು 60ರಿಂದ 75 ಅನ್ನುತ್ತದೆ. ಯಾವುದು ಸರಿ? ಎರಡೂ ಸರಿ. ಹಸಿ ಕಡಲೆಕಾಯಿಯನ್ನು ಹಾಗೇ ತೂಗಿದರೆ ಒಂದು ಲೆಕ್ಕ, ಒಣಗಿಸಿ ಸಿಪ್ಪೆ ಬಿಡಿಸಿ ಬರೀ ಬೀಜ ತೂಗಿದರೆ ಇನ್ನೊಂದು ಲೆಕ್ಕ, ಅಲ್ವಾ? ಇಲ್ಲೂ ಅದೇ ಕಥೆ.

ಮೊದಲು ಬೀಜದ ಲೆಕ್ಕ ನೋಡೋಣ, ಅಂದರೆ ನೀರು ಮತ್ತು ಬೂದಿ ಎರಡನ್ನೂ ಕಳೆದ ಲೆಕ್ಕ. ಜೌಗಿನಲ್ಲಿ ಅರೆಬರೆ ಕೊಳೆತ ಗಿಡಮರ, ಅಂದರೆ ಪೀಟ್‌ನಲ್ಲಿ, ಕಾರ್ಬನ್ ಸುಮಾರು ಶೇ. 60ಕ್ಕಿಂತ ಕಡಿಮೆ. ಅದು ಮಣ್ಣಿನಡಿ ಹೂತುಹೋದರೆ ಒತ್ತಡಕ್ಕೆ, ಬಿಸಿಗೆ ನೀರು, ಆಮ್ಲಜನಕ, ಜಲಜನಕ ಎಲ್ಲ ಒಂದೊಂದಾಗಿ ಹೊರಬೀಳುತ್ತವೆ, ಕಾರ್ಬನ್ ಪಾಲು ಹೆಚ್ಚುತ್ತಾ ಹೋಗುತ್ತದೆ. ಹೀಗೆ ಕಲ್ಲಿದ್ದಲಿನ ದರ್ಜೆ ಏರಿದಂತೆ ಕಾರ್ಬನ್ ಶೇಕಡಾವಾರೂ ಏರುತ್ತದೆ: ಲಿಗ್ನೈಟ್ 60–75, ಬಿಟುಮಿನಸ್ ಸುಮಾರು 75–90, ಆಂಥ್ರಸೈಟ್ 90ರ ಮೇಲೆ. ಆಂಥ್ರಸೈಟ್ ಮುಟ್ಟಿದರೆ ಕೈ ಕಪ್ಪಾಗುವುದೇ ಕಡಿಮೆ. ಹೊತ್ತಿಸುವುದು ಕಷ್ಟ, ಹೊತ್ತಿಕೊಂಡರೆ ಹೊಗೆಯಿಲ್ಲ. ನಮ್ಮ ದೇಶದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮಲ್ಲಿರುವುದು ಬಹುಪಾಲು ಬಿಟುಮಿನಸ್. ಜಾತಿ ಒಳ್ಳೆಯದೇ, ತೊಂದರೆ ಇರುವುದು ಮಣ್ಣಿನಲ್ಲಿ. ಸುಮಾರು 25 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಗೊಂಡ್ವಾನಾ ಎಂಬ ಮಹಾಖಂಡದ ಭಾಗವಾಗಿದ್ದ ಕಾಲದ ನದಿಗಳು ಗಿಡಮರಗಳ ಜೊತೆ ಹೂಳನ್ನೂ ಹೊತ್ತು ತಂದು ಸುರಿದವು. ಆ ಹೂಳು ಕಲ್ಲಿದ್ದಲಿನೊಳಗೆ ಎಷ್ಟು ನುಣ್ಣಗೆ ಬೆರೆತಿದೆ ಅಂದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಸುಟ್ಟ ಮೇಲೆ ಉಳಿಯುವ ಬೂದಿ ಅದೇ, ಸಾಮಾನ್ಯವಾಗಿ ಶೇ. 30ರಿಂದ 45.

ಈಗ ಹಸಿ ಕಡಲೆಕಾಯಿಯ ಲೆಕ್ಕ, ಅಂದರೆ ನೀರು, ಬೂದಿ ಎಲ್ಲ ಸೇರಿಸಿ ತೂಗಿದ ಲೆಕ್ಕ, ಸುಮ್ನೆ ಹಾಕಿ ನೋಡಿ. ಒಂದು ಕೆಜಿ ಕಲ್ಲಿದ್ದಲಿನಲ್ಲಿ 400 ಗ್ರಾಂ ಬೂದಿ, 100 ಗ್ರಾಂ ನೀರು ಅಂದುಕೊಳ್ಳೋಣ. ಉಳಿದ 500 ಗ್ರಾಂನಲ್ಲಿ ಶೇ. 80 ಕಾರ್ಬನ್ ಅಂದರೂ ಸಿಕ್ಕಿದ್ದು ಬರೀ 400 ಗ್ರಾಂ. ಅಷ್ಟು ಸುಟ್ಟರೆ ಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು ಒಂದೂವರೆ ಕೆಜಿ! ಪ್ರತಿ 12 ಗ್ರಾಂ ಕಾರ್ಬನ್ ಗಾಳಿಯಿಂದ 32 ಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದಲ್ಲ, ಅದಕ್ಕೆ.

ತಮಿಳುನಾಡಿನ ನೈವೇಲಿಯದು ಉಲ್ಟಾ. ಅಲ್ಲಿನದು ಲಿಗ್ನೈಟ್, ಕೆಳದರ್ಜೆಯದು, ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಆದರೆ ಬೂದಿ ತೀರಾ ಕಡಿಮೆ. ನೀರನ್ನು ದೂರ ಸಾಗಿಸಿ ಏನು ಮಾಡುವುದು? ಅದಕ್ಕೇ ಗಣಿ ಪಕ್ಕದಲ್ಲೇ ವಿದ್ಯುತ್ ಸ್ಥಾವರ ಕಟ್ಟಿದ್ದಾರೆ.

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಇನ್ನೂ ದೂರದಿಂದಲೂ ರೈಲಿನಲ್ಲಿ ಬರಬೇಕು. ಒಂದು ರೈಲಿನಲ್ಲಿ ಸುಮಾರು 58 ವ್ಯಾಗನ್, ಹತ್ತಿರ ಹತ್ತಿರ 4000 ಟನ್. ಬೂದಿ ಶೇ. 40 ಇದ್ದರೆ ಅದರಲ್ಲಿ 1600 ಟನ್ ಆ ಹಳೇ ನದಿಗಳ ಹೂಳು. ಅದಕ್ಕೂ ಬಾಡಿಗೆ ಕೊಟ್ಟು ತರಿಸಿ, ಸುಟ್ಟು, ಆಮೇಲೆ ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಅಂತ ಇನ್ನೊಂದು ಸಲ ಸಾಗಿಸಬೇಕು.